ಕೌಶಲವೂ ಕುಶಲವೂ

ಸಂಸ್ಕೃತದ ‘ಕುಶಲ’ ಶಬ್ದಕ್ಕೆ ಎರಡು ಅರ್ಥಗಳು ಪ್ರಸಿದ್ಧವಾಗಿವೆ. ನಿಪುಣನೆಂಬುದು ಒಂದು, ಕ್ಷೇಮವೆಂಬುದು ಮತ್ತೊಂದು. ಕೆಲಸ ಬಲ್ಲವನನ್ನು ಕುಶಲನೆನ್ನುತ್ತೇವೆ. ಬಂಧುಗಳನ್ನು ಕಂಡಾಗ ಕುಶಲವೇ ಎಂದು ಕೇಳುತ್ತೇವೆ. ಈ ಎರಡು ಅರ್ಥಗಳು ಒಂದೇ ಶಬ್ದದಲ್ಲಿ ಹೇಗೆ ಸೇರಿದುವೆಂಬುದಕ್ಕೆ ಬೆಳಕು ಕೊಡುವ ನಿರ್ವಚನವೊಂದನ್ನು ಹಿಂದಿನವರು ಹೇಳುತ್ತಾರೆ. ಕುಶವನ್ನು, ಎಂದರೆ ದರ್ಭೆಯನ್ನು, ಕೊಯ್ದು ತರುವವನೇ ಕುಶಲನು. ದರ್ಭೆಯ ಅಂಚು ಬಹು ಹರಿತವಾದುದು. ಎಚ್ಚರವಿಲ್ಲದೆ ಹಿಡಿದು ಎಳೆದವನ ಬೆರಳನ್ನು ಸೀಳದೆ ಬಿಡದು. ಬೇಕಾದಷ್ಟನ್ನು ಬೇಕಾದ ಅಳತೆಗೆ, ಕೈಗೆ ಗಾಯವಾಗದಂತೆ ಕೊಯ್ದು ತರಬಲ್ಲವನು ಜಾಣನೇ ಸರಿ. ಮಮ್ಮಟನು ಕಾವ್ಯಪ್ರಕಾಶದಲ್ಲಿ ಈ ಶಬ್ದವನ್ನು ರೂಢಿಲಕ್ಷಣೆಗೆ ಉದಾಹರಣೆಯಾಗಿ ಕೊಟ್ಟನು. ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಅದನ್ನು ಒಪ್ಪದೆ, ನಿಪುಣನೆಂಬುದೇ ಮುಖ್ಯಾರ್ಥವೆಂದು ವಾದಿಸಿದನು. ಆ ವಿವಾದವನ್ನು ಆಲಂಕಾರಿಕರಿಗೇ ಬಿಡೋಣ. ಇಲ್ಲಿ ವಿಚಾರಿಸಬೇಕೆಂದಿರುವುದು ಬೇರೆ. ಕೆಲಸದ ಕೌಶಲ, ಕೆಲಸಗಾರನ ಕುಶಲ, ಇವು ಎರಡು ಬೇರೆ ವಸ್ತುಗಳೋ ಅಥವಾ ಒಂದೇ ವಸ್ತುವಿನ ಎರಡು ಮುಖಗಳೋ? ತನ್ನ ಕೈಯನ್ನು ತಾನು ಕಾಪಾಡಿಕೊಳ್ಳುವುದು ಬರಿಯ ಜಾಣತನವೋ ಅಥವಾ ಧರ್ಮವೋ?

ಈ ಪ್ರಶ್ನೆಯು ನನಗೆ ಬಂದುದು ದರ್ಭೆಯಿಂದಲ್ಲ, ಬಡಗಿಯ ಯಂತ್ರವೊಂದರಿಂದ. ಹಿಂದೆ ನನ್ನಲ್ಲಿ ಓದಿದ ಹುಡುಗನೊಬ್ಬನು ಮರಗೆಲಸದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಬಾಗಿಲ ಚೌಕಟ್ಟು, ಕಿಟಕಿ, ಪಟದ ಕಟ್ಟು ಇವುಗಳ ಮೂಲೆಗಳನ್ನು ಓರೆಯಾಗಿ ಕೊಯ್ಯುವ ವಿದ್ಯುತ್ ಗರಗಸ ಅಲ್ಲಿ ಉಂಟು. ‘ಕಾಂಪೌಂಡ್ ಮೈಟರ್ ಸಾ’ ಎಂದು ಅದರ ಹೆಸರು. ಅಂಗಡಿಯವರ ಬಾಯಲ್ಲಿ ಬರಿಯ ‘ಮೈಟರ್’. ತೋಳನ್ನು ಮೇಲೆತ್ತಿದೊಡನೆ ತಾನಾಗಿ ಇಳಿದು ಅಲಗನ್ನು ಮುಚ್ಚುವ ಮರೆಯೊಂದನ್ನು ಯಂತ್ರ ಮಾಡಿದವರೇ ಅದಕ್ಕೆ ಜೋಡಿಸಿರುತ್ತಾರೆ. ಆ ಅಂಗಡಿಯ ಹಿರಿಯ ಮೇಸ್ತ್ರಿಯು ಆ ಮರೆಯನ್ನು ತಂತಿಯಿಂದ ಮೇಲಕ್ಕೆ ಕಟ್ಟಿಬಿಟ್ಟಿದ್ದನು. ಹುಡುಗನು ಬಂದು ಕೇಳಿದನು: “ಮೇಷ್ಟ್ರೇ, ಮರೆ ಇದ್ದರೆ ಗೆರೆ ಕಾಣಿಸೋದಿಲ್ಲ, ಕೆಲಸ ತಡವಾಗುತ್ತೆ ಅಂತಾರೆ ಮೇಸ್ತ್ರಿ. ಮೂವತ್ತು ವರ್ಷದಿಂದ ಮರ ಕೊಯ್ದವರು. ನನಗೆ ಕೆಲಸ ಕಲಿಸಿದವರು. ನಾನು ಆ ತಂತಿ ಬಿಚ್ಚಿದರೆ ಅವರ ಮಾತು ಮೀರಿದ ಹಾಗಾಗೋದಿಲ್ಲವೆ?” ಪ್ರಶ್ನೆಯು ಚಿಕ್ಕದು, ಆದರೆ ಒಂದು ಮಾತಿನಲ್ಲಿ ಉತ್ತರ ಹೇಳಿ ಕಳುಹಿಸತಕ್ಕದ್ದಲ್ಲ. ಅವನಿಗೆ ಆ ದಿನ ಹೇಳಿದುದನ್ನೂ ಬಳಿಕ ಯೋಚಿಸಿದುದನ್ನೂ ಕೂಡಿಸಿ ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ಯಂತ್ರದ ಸ್ವರೂಪವನ್ನು ತಿಳಿಯಬೇಕು. ಹಿಂದೆ ಓರೆ ಕೊಯ್ಯುವುದಕ್ಕೆ ದೋಣಿಯ ಆಕಾರದ ಮರದ ಪೆಟ್ಟಿಗೆಯೊಂದು ಬಳಕೆಯಲ್ಲಿತ್ತು. ಅದರ ಎರಡು ಗೋಡೆಗಳಲ್ಲಿಯೂ 45 ಡಿಗ್ರಿಗೆ ಸೀಳು. ಆ ಸೀಳಿನೊಳಗೆ ಕೈಗರಗಸವು ಹೋಗಿಬರುತ್ತಿತ್ತು. 1964ರಲ್ಲಿ ಅಮೆರಿಕದ ರಾಕ್‌ವೆಲ್ ಸಂಸ್ಥೆಯು ಇದೇ ಕೆಲಸಕ್ಕೆ ವಿದ್ಯುತ್ತಿನಿಂದ ತಿರುಗುವ ದುಂಡನೆಯ ಅಲಗಿನ ಯಂತ್ರವನ್ನು ಮಾರಾಟಕ್ಕೆ ತಂದಿತು. ಇಂದಿನ ಯಂತ್ರದಲ್ಲಿ ಮರವನ್ನು ಇಡುವುದಕ್ಕೆ ಲೋಹದ ಮೇಜು, ಮರವನ್ನು ಒರಗಿಸುವುದಕ್ಕೆ ಅದರ ಹಿಂಬದಿಯಲ್ಲಿ ನೆಟ್ಟಗೆ ನಿಂತ ಲೋಹದ ಪಟ್ಟಿ, ಮೇಲಿನಿಂದ ಕೆಳಕ್ಕೆ ಬಾಗುವ ತೋಳು, ಅದರ ತುದಿಯಲ್ಲಿ ಅಲಗು. ಮೇಜನ್ನೂ ತೋಳನ್ನೂ ಎಡಬಲಕ್ಕೆ ತಿರುಗಿಸಿದರೆ ಮರದ ಅಗಲದಲ್ಲಿ ಓರೆಯಾಗುತ್ತದೆ. ತೋಳನ್ನು ಪಕ್ಕಕ್ಕೆ ವಾಲಿಸಿದರೆ ಮರದ ದಪ್ಪದಲ್ಲಿ ಓರೆಯಾಗುತ್ತದೆ. ಎರಡನ್ನೂ ಒಂದೇ ಕೊಯ್ತದಲ್ಲಿ ಸಾಧಿಸಬಲ್ಲುದಾದುದರಿಂದ ಅದಕ್ಕೆ ಸಂಯುಕ್ತವೆಂಬ ಅರ್ಥದ ವಿಶೇಷಣ.

ಅಲಗಿನ ವ್ಯಾಸವು ಸಾಮಾನ್ಯವಾಗಿ 10 ಅಥವಾ 12 ಅಂಗುಲ. 10 ಅಂಗುಲದ ಅಲಗು ನಿಮಿಷಕ್ಕೆ ಸುಮಾರು 5000 ಸುತ್ತು ತಿರುಗುತ್ತದೆ. ಅದಕ್ಕೆ 60 ಹಲ್ಲುಗಳಿದ್ದರೆ ಲೆಕ್ಕವು ಸುಲಭ: ಒಂದು ಸೆಕೆಂಡಿನಲ್ಲಿ 5000 ಹಲ್ಲುಗಳು ಒಂದೇ ಬಿಂದುವನ್ನು ದಾಟುತ್ತವೆ. ಹಲ್ಲಿನ ವೇಗವು ಗಂಟೆಗೆ ಸುಮಾರು 240 ಕಿಲೋಮೀಟರು. ಕಣ್ಣು ಕಂಡುದಕ್ಕೆ ಕೈ ಓಗೊಡಬೇಕಾದರೆ ಸೆಕೆಂಡಿನ ಐದರಲ್ಲೊಂದು ಭಾಗದಷ್ಟು ಕಾಲ ಬೇಕು. ಅಷ್ಟರೊಳಗೆ 1000 ಹಲ್ಲುಗಳು ಹಾದುಹೋಗಿರುತ್ತವೆ.

ಈ ಲೆಕ್ಕದಿಂದ ಒಂದು ತತ್ತ್ವವು ಹೊರಡುತ್ತದೆ. ಕೈಗರಗಸವು ಜಾರಿದರೆ ಚರ್ಮವು ತರಚುವುದು, ನೋವು ಎಚ್ಚರಿಸುವುದು, ಕೈಯು ನಿಲ್ಲುವುದು. ತಪ್ಪು, ಎಚ್ಚರಿಕೆ, ತಿದ್ದುಪಡಿ ಈ ಮೂರಕ್ಕೂ ಅಲ್ಲಿ ಕ್ರಮವುಂಟು, ನಡುವೆ ಅವಕಾಶವುಂಟು. ಯಂತ್ರದ ಮುಂದೆ ಈ ಅವಕಾಶವಿಲ್ಲ. ನೋವು ತಿಳಿಯುವ ಹೊತ್ತಿಗೆ ಆಗಬೇಕಾದುದೆಲ್ಲ ಆಗಿಹೋಗಿರುತ್ತದೆ. ಆದುದರಿಂದ ಕೈಗೆಲಸದಲ್ಲಿ ಕೆಲಸದ ನಡುವೆ ಇರುತ್ತಿದ್ದ ಎಚ್ಚರವನ್ನು ಯಂತ್ರದ ಕೆಲಸದಲ್ಲಿ ಕೆಲಸಕ್ಕೆ ಮೊದಲೇ ಇರಿಸಿಕೊಳ್ಳಬೇಕಾಗುತ್ತದೆ. ನಮ್ಮ ಕರ್ಮಗಳಲ್ಲಿ ಸಂಕಲ್ಪವು ಮೊದಲು ಬರುವುದಷ್ಟೆ. ಯಾವ ಸ್ಥಳದಲ್ಲಿ, ಯಾವ ಕಾಲದಲ್ಲಿ, ಯಾರು, ಯಾವ ಉದ್ದೇಶದಿಂದ ಎಂಬುದನ್ನು ನಿಶ್ಚಯಿಸಿಕೊಂಡಲ್ಲದೆ ಕರ್ಮಕ್ಕೆ ಕೈ ಹಾಕುವಂತಿಲ್ಲ. ಯಂತ್ರಕ್ಕೂ ಇಂಥದೊಂದು ಸಂಕಲ್ಪವು ಬೇಕು. ಅಲಗು ತಿರುಗಲು ತೊಡಗಿದಮೇಲೆ ಯೋಚಿಸುವೆನೆಂಬವನು ಯೋಚಿಸುವುದೇ ಇಲ್ಲ.

ಆ ಸಂಕಲ್ಪದ ಅಂಗಗಳನ್ನು ಹೇಳುತ್ತೇನೆ. ಅಲಗನ್ನು ಬದಲಾಯಿಸುವಾಗಲೂ ಯಂತ್ರವನ್ನು ಸರಿಪಡಿಸುವಾಗಲೂ ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತಿರಬೇಕು. ಹೆಗಲ ಮೇಲಿನ ಟವಲು, ಸಡಿಲವಾದ ತೋಳು, ಮಣಿಕಟ್ಟಿಗೆ ಕಟ್ಟಿದ ದಾರ, ಕೈಚೀಲ ಇವೊಂದೂ ಅಲಗಿನ ಬಳಿ ಸುಳಿಯಬಾರದು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಬಟ್ಟೆ ಇರಬೇಕು. ಮರದ ಧೂಳು ಮನುಷ್ಯರಲ್ಲಿ ಅರ್ಬುದ ರೋಗವನ್ನು ಉಂಟುಮಾಡುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಪ್ರಕಟಿಸಿದೆ. ಮರವು ಮೇಜಿನ ಮೇಲೆ ಅಲುಗದೆ ಕುಳಿತು, ಹಿಂಬದಿಯ ಪಟ್ಟಿಗೆ ಒತ್ತಿ ನಿಲ್ಲಬೇಕು. ಮರವು ಬಾಗಿದ್ದರೆ ಅದರ ಉಬ್ಬಿದ ಬದಿಯು ಪಟ್ಟಿಯ ಕಡೆಗಿರಬೇಕು. ಕೊಯ್ಯುವ ಗೆರೆಯ ಹಿಂದೆ ಸಂದು ಉಳಿಯಕೂಡದು. ಇಲ್ಲದಿದ್ದರೆ ಕೊಯ್ತವು ಮುಗಿಯುವಾಗ ಮರವು ಮುಚ್ಚಿಕೊಂಡು ಅಲಗನ್ನು ಹಿಡಿಯುತ್ತದೆ, ಹಿಡಿದ ಅಲಗು ಮರವನ್ನು ಎಸೆಯುತ್ತದೆ. ಕೈಗೂ ಅಲಗಿಗೂ ನಡುವೆ ಕನಿಷ್ಠ 6 ಅಂಗುಲ ಅಂತರವಿರಬೇಕು. ಮೇಜಿನ ಮೇಲೆ ಗೆರೆ ಎಳೆದು ಆ ಎಲ್ಲೆಯನ್ನು ಗುರುತಿಸಿಕೊಳ್ಳುವುದು ಒಳ್ಳೆಯದು. ತುಂಡು ಚಿಕ್ಕದಾಗಿ ಕೈಯು ಎಲ್ಲೆಯೊಳಗೆ ಬರುವಂತಿದ್ದರೆ ಕ್ಲಾಂಪಿನಿಂದ ಬಿಗಿಯಬೇಕು. ಬಿಗಿಯಲಾಗದಷ್ಟು ಚಿಕ್ಕದಾದರೆ ಅದನ್ನು ಕೈಗರಗಸಕ್ಕೆ ಬಿಡಬೇಕು. ಒಂದು ಕೈಯ ಮೇಲೆ ಇನ್ನೊಂದು ಕೈ ಅಡ್ಡಬರುವಂತೆ ಹಿಡಿಯಬಾರದು. ಒಂದೇ ಉದ್ದದ ತುಂಡುಗಳಿಗಾಗಿ ತಡೆಗಟ್ಟಿಗೆಯನ್ನು ನಿಲ್ಲಿಸುವುದಾದರೆ, ಹಿಡಿದಿರುವ ತುಂಡು ಅದಕ್ಕೆ ತಾಗಬೇಕಲ್ಲದೆ, ಕತ್ತರಿಸಿ ಬೀಳುವ ಸಡಿಲ ತುಂಡು ಅಲಗಿಗೂ ಕಟ್ಟಿಗೆಗೂ ನಡುವೆ ಸಿಕ್ಕಿಕೊಳ್ಳಬಾರದು.

ಇಷ್ಟಾದಮೇಲೆ ಅಲಗನ್ನು ತಿರುಗಿಸುವುದು. ಅದು ಪೂರ್ಣ ವೇಗಕ್ಕೆ ಬಂದ ಬಳಿಕ ನಿಧಾನವಾಗಿ ಇಳಿಸಬೇಕು. ಕೊಯ್ತವು ಮುಗಿದೊಡನೆ ಸ್ವಿಚ್ಚನ್ನು ಬಿಟ್ಟು, ತೋಳನ್ನು ಕೆಳಗೇ ಹಿಡಿದು, ಅಲಗು ನಿಂತಮೇಲೆ ಮೇಲೆತ್ತಬೇಕು. ಕೆಲವು ಯಂತ್ರಗಳಲ್ಲಿ ಅಲಗನ್ನು ಬೇಗನೆ ತಡೆಯುವ ಏರ್ಪಾಡಿದೆ. ಅದಿದ್ದರೂ ಕೆಲವು ಸೆಕೆಂಡುಗಳ ಕಾಲ ಕಾಯಬೇಕಾಗುತ್ತದೆ. ಗಾಯವಾಗುವುದು ಅನೇಕವೇಳೆ ಈ ಸೆಕೆಂಡುಗಳಲ್ಲಿ. ಕೆಲಸ ಮುಗಿಯಿತೆಂದು ಮನಸ್ಸು ಆಗಲೇ ಎದ್ದುಹೋಗಿರುತ್ತದೆ. ಬಿದ್ದ ತುಂಡನ್ನು ತೆಗೆಯಲು ಕೈ ಮುಂದೆ ಹೋಗುತ್ತದೆ. ಅಲಗು ಮಾತ್ರ ಇನ್ನೂ ತಿರುಗುತ್ತಿರುತ್ತದೆ. ಭಾರತದ ಸೌಪ್ತಿಕಪರ್ವದಲ್ಲಿ ಅರ್ಜುನನೂ ಅಶ್ವತ್ಥಾಮನೂ ಮಹಾಸ್ತ್ರಗಳನ್ನು ಪ್ರಯೋಗಿಸುತ್ತಾರೆ. ಹಿಂದೆಗೆಯಿರೆಂದು ಋಷಿಗಳು ಹೇಳಿದಾಗ ಅರ್ಜುನನು ಹಿಂದೆಗೆದನು, ಅಶ್ವತ್ಥಾಮನಿಂದ ಆಗಲಿಲ್ಲ. ಇಬ್ಬರೂ ಒಬ್ಬ ಗುರುವಿನಲ್ಲಿಯೇ ಕಲಿತವರು, ಪ್ರಯೋಗವನ್ನು ಇಬ್ಬರೂ ಬಲ್ಲರು. ಉಪಸಂಹಾರವನ್ನು ಬಲ್ಲವನು ಒಬ್ಬನೇ. ವಿದ್ಯೆಯು ಪೂರ್ಣವಾಗುವುದು ಬಿಡುವುದನ್ನು ಕಲಿತಾಗಲ್ಲ, ಹಿಂದೆಗೆಯುವುದನ್ನು ಕಲಿತಾಗ.

ಇನ್ನು ಕೆಲಸದ ಕೌಶಲವನ್ನು ನೋಡೋಣ. ಪಟದ ಕಟ್ಟಿಗೆ ಮೂಲೆಗಳು ನಾಲ್ಕು, ಕೊಯ್ತಗಳು ಎಂಟು. ಒಂದೊಂದು ಕೊಯ್ತವೂ 45 ಡಿಗ್ರಿಯಾಗಬೇಕು. ಯಂತ್ರವು ಅರ್ಧ ಡಿಗ್ರಿ ತಪ್ಪಿದೆಯೆಂದು ಭಾವಿಸಿ. ಒಂದು ಕೊಯ್ತದಲ್ಲಿ ಅದು ಕಣ್ಣಿಗೆ ಕಾಣದು. ಎಂಟು ಕೊಯ್ತಗಳಲ್ಲಿ ಕೂಡಿಕೊಂಡು 4 ಡಿಗ್ರಿಯಾಗುತ್ತದೆ. ಮೂರು ಮೂಲೆಗಳನ್ನು ಒತ್ತಿ ಕೂಡಿಸಿದರೆ ನಾಲ್ಕನೆಯದು ಬಾಯಿಬಿಡುತ್ತದೆ. ಎರಡು ಅಂಗುಲ ಅಗಲದ ಪಟ್ಟಿಯಾದರೆ ಆ ಬಾಯಿಯು 5 ಮಿಲಿಮೀಟರು. ತಪ್ಪು ಎಲ್ಲ ಮೂಲೆಗಳಲ್ಲಿಯೂ ಇದ್ದರೂ ಅಪವಾದವು ಕೊನೆಯ ಮೂಲೆಗೆ ಬರುವುದನ್ನು ಲೋಕವ್ಯವಹಾರದಲ್ಲಿಯೂ ನೋಡುತ್ತೇವಷ್ಟೆ.

ಆದುದರಿಂದ ಯಂತ್ರದ ಮೇಲೆ ಬರೆದಿರುವ ಅಂಕೆಯನ್ನು ನಂಬದೆ ಪರೀಕ್ಷಿಸಬೇಕು. ಸೊನ್ನೆಗೆ ನಿಲ್ಲಿಸಿ ಒಂದು ನೇರವಾದ ಹಲಗೆಯನ್ನು ಕೊಯ್ಯಿರಿ. ಎರಡು ತುಂಡುಗಳಲ್ಲಿ ಒಂದನ್ನು ಮಗುಚಿ, ಕೊಯ್ದ ತುದಿಗಳನ್ನು ಮತ್ತೆ ಕೂಡಿಸಿ ನೋಡಿರಿ. ಕೊಯ್ತವು ನೆಟ್ಟಗಿದ್ದರೆ ಸಂದಿಲ್ಲದೆ ಕೂಡುವುವು. ವಕ್ರವಾಗಿದ್ದರೆ ಆ ವಕ್ರತೆಯು ಎರಡರಷ್ಟಾಗಿ ಕಾಣುವುದು. ಕಟ್ಟು ಸಿದ್ಧವಾದಮೇಲೆ ಎದುರುಬದುರಿನ ಬದಿಗಳು ಸಮವಾಗಿದ್ದು, ಎರಡು ಕರ್ಣಗಳೂ ಸಮವಾದರೆ ನಾಲ್ಕು ಮೂಲೆಗಳೂ ಸಮಕೋನಗಳೇ. ಈ ಕರ್ಣದ ವಿಚಾರವು ನಮಗೆ ಹೊಸದಲ್ಲ. ಯಜ್ಞವೇದಿಯ ಇಟ್ಟಿಗೆಗಳಿಗಾಗಿ ಹಗ್ಗ ಹಿಡಿದ ಬೌಧಾಯನನು ಚೌಕದ ಕರ್ಣವು ಬದಿಯ ಎಷ್ಟರಷ್ಟೆಂಬುದನ್ನು ಶುಲ್ಬಸೂತ್ರದಲ್ಲಿ ಹೇಳಿದನು. ಅವನ ಲೆಕ್ಕವು 577ನ್ನು 408ರಿಂದ ಭಾಗಿಸಿದಷ್ಟಾಗಿ, ದಶಾಂಶದ ಐದನೆಯ ಸ್ಥಾನದವರೆಗೆ ಇಂದಿಗೂ ಸರಿಯಾಗಿದೆ. ಓರೆ ಕೊಯ್ದ ಪಟ್ಟಿಯ ಮುಖವು ಅಗಲಕ್ಕಿಂತ ಉದ್ದವಾಗುವುದು ಈ ಪ್ರಮಾಣದಲ್ಲಿಯೇ. ಗೋಡೆಯೂ ಛಾವಣಿಯೂ ಸೇರುವಲ್ಲಿ ಹಾಕುವ ಅಲಂಕಾರದ ಪಟ್ಟಿಗಾದರೆ ಎರಡು ಓರೆಗಳೂ ಬೇಕು. ಗೋಡೆಗೆ 38 ಡಿಗ್ರಿಯಾಗಿ ಒರಗುವ ಪಟ್ಟಿಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಿಸಿ ಕೊಯ್ಯುವಾಗ, ಸಮಕೋನದ ಮೂಲೆಗೆ ಮೇಜನ್ನು 31.6 ಡಿಗ್ರಿಗೂ ತೋಳನ್ನು 33.9 ಡಿಗ್ರಿಗೂ ನಿಲ್ಲಿಸಬೇಕು. ಅಂದಾಜಿನಿಂದ ಇಂಥ ಅಂಕೆಯು ದೊರೆಯುವುದಿಲ್ಲ.

ಈಗ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಮರವು ಪಟ್ಟಿಗೆ ಒತ್ತಿ ನಿಂತಿರಬೇಕೆಂಬುದು ಕೈಯ ರಕ್ಷಣೆಗಾಗಿ ಹೇಳಿದ ಮಾತು. ಒತ್ತಿ ನಿಲ್ಲದಿದ್ದರೆ ಕೋನವೂ ಕೆಡುತ್ತದೆ. ಓರೆಯಲ್ಲಿ ಕೊಯ್ಯುವಾಗ ಮರವು ಅಲಗಿನ ಕಡೆಗೆ ಜಾರಲು ನೋಡುತ್ತದೆ. ಜಾರಿದರೆ ಅಳತೆಯೂ ಹೋಯಿತು, ಹಿಡಿದ ಕೈಯೂ ಅದರೊಡನೆ ಸರಿಯಿತು. ಕ್ಲಾಂಪು ಎರಡನ್ನೂ ತಡೆಯುತ್ತದೆ. ಪೂರ್ಣ ವೇಗಕ್ಕೆ ಬಾರದ ಅಲಗು ಮರವನ್ನು ಕಚ್ಚಿ ಎಳೆಯುತ್ತದೆ, ಅಂಚನ್ನೂ ಸಿಬಿರೇಳಿಸುತ್ತದೆ. ತಿರುಗುತ್ತಿರುವಾಗಲೇ ಮೇಲೆತ್ತಿದ ಅಲಗು ಸಡಿಲ ತುಂಡನ್ನು ಎಸೆಯುತ್ತದೆ, ನಯವಾದ ಮುಖಕ್ಕೆ ಗೀರನ್ನೂ ಹಾಕುತ್ತದೆ. ಮೊಂಡಾದ ಅಲಗು ಮರವನ್ನು ಸುಡುತ್ತದೆ. ಅದಕ್ಕೆ ಬಲ ಹಾಕಬೇಕು. ಬಲ ಹಾಕಿದ ಕೈಯು ಜಾರುತ್ತದೆ. ಹೀಗೆ ಕೈಯನ್ನು ಕಾಯುವ ನಿಯಮಗಳೇ ಬಹುಮಟ್ಟಿಗೆ ಗೆರೆಯನ್ನೂ ಕಾಯುವುವು.

ಮೀಮಾಂಸಕರು ಕ್ರತ್ವರ್ಥ, ಪುರುಷಾರ್ಥ ಎಂದು ವಿಭಾಗ ಮಾಡುತ್ತಾರೆ. ಯಾಗವು ನೆರವೇರುವುದಕ್ಕಾಗಿ ಇರತಕ್ಕದ್ದು ಕ್ರತ್ವರ್ಥ. ಯಾಗ ಮಾಡುವವನ ಶ್ರೇಯಸ್ಸಿಗಾಗಿ ಇರತಕ್ಕದ್ದು ಪುರುಷಾರ್ಥ. ಒಂದೇ ವಸ್ತುವು ಎರಡೂ ಆಗಬಲ್ಲುದೆಂಬುದಕ್ಕೆ ಅವರು ಮೊಸರಿನ ಉದಾಹರಣೆಯನ್ನು ಕೊಡುತ್ತಾರೆ. ಅಗ್ನಿಹೋತ್ರದಲ್ಲಿ ಮೊಸರು ಹೋಮದ್ರವ್ಯವೂ ಹೌದು. ಇಂದ್ರಿಯಗಳ ಪಟುತ್ವವನ್ನು ಬಯಸುವವನಿಗೆ ಆ ಫಲವನ್ನು ಕೊಡುವ ಸಾಧನವೂ ಹೌದು. ಬಡಗಿಯ ಎಚ್ಚರವೂ ಹೀಗೆಯೇ. ಚೌಕಟ್ಟಿನ ಕಡೆಯಿಂದ ನೋಡಿದರೆ ಕೌಶಲ, ಬಡಗಿಯ ಕಡೆಯಿಂದ ನೋಡಿದರೆ ಕುಶಲ. ದರ್ಭೆಯ ನಿರ್ವಚನವು ವ್ಯಾಕರಣಕ್ಕೆ ಎಷ್ಟರಮಟ್ಟಿಗೆ ಒಪ್ಪುವುದೋ ಪಂಡಿತರು ನಿರ್ಣಯಿಸಲಿ. ಗರಗಸದ ಮುಂದೆ ನಿಂತವನಿಗೆ ಅದು ಸತ್ಯವೇ.

ಇಲ್ಲಿ ಮೂರು ಆಕ್ಷೇಪಗಳು ಬರಬಹುದು. ನಿಪುಣನಿಗೆ ಮರೆಯೇಕೆ? ಅದು ಅಜ್ಞನಿಗಾಗಿ ಮಾಡಿದ್ದಲ್ಲವೆ? ಎಂಬುದು ಮೊದಲನೆಯದು. ಸಮಾಧಾನವೇನೆಂದರೆ: ಪತಂಜಲಿಯು ಯೋಗಕ್ಕೆ ಒಂಬತ್ತು ವಿಘ್ನಗಳನ್ನು ಎಣಿಸುವಾಗ ಪ್ರಮಾದವನ್ನೂ ಆಲಸ್ಯವನ್ನೂ ಬೇರೆಬೇರೆಯಾಗಿ ಎಣಿಸಿದನು. ಪ್ರಮಾದವು ಸೋಮಾರಿತನವಲ್ಲ, ಅಜ್ಞಾನವೂ ಅಲ್ಲ. ತಿಳಿಯದವನು ತಪ್ಪುವುದು ಅಜ್ಞಾನ. ತಿಳಿದವನು ತಪ್ಪುವುದು ಪ್ರಮಾದ. ಹೊಸಬನು ಅಲಗಿಗೆ ಹೆದರುತ್ತಾನೆ. ಭಯವೇ ಅವನಿಗೆ ಒಂದು ಮರೆ. ಸಾವಿರ ಸಲ ಕೊಯ್ದವನ ಭಯವು ಹೋಗಿರುತ್ತದೆ. ಕೈಗೆ ಅಭ್ಯಾಸವಾದಷ್ಟೂ ಮನಸ್ಸು ಬೇರೆಡೆಗೆ ಹೋಗಲು ಸ್ವತಂತ್ರವಾಗುತ್ತದೆ. ಮಗಳ ಮದುವೆಯ ಸಾಲವೋ ಬೆಳಗಿನ ಜಗಳವೋ ನೆನಪಿಗೆ ಬರಲು ಒಂದು ನಿಮಿಷವೂ ಬೇಡ. ಆದುದರಿಂದ ಮರೆಯು ನಿಪುಣನಿಗೆ ಹೆಚ್ಚು ಅವಶ್ಯಕ. ಮನಸ್ಸು ಇಲ್ಲದಿದ್ದಾಗಲೂ ಇರುವಂಥದು ಅದೊಂದೇ.

ಕೈ ನನ್ನದು, ಅಪಾಯವೂ ನನ್ನದು, ಇದರಲ್ಲಿ ಧರ್ಮಾಧರ್ಮದ ಮಾತೇಕೆ? ಎಂಬುದು ಎರಡನೆಯ ಆಕ್ಷೇಪ. 1923ರಲ್ಲಿ ಕಾರ್ಮಿಕರ ನಷ್ಟಪರಿಹಾರಕ್ಕಾಗಿ ಹಿಂದೂದೇಶದಲ್ಲಿ ಕಾಯಿದೆಯೊಂದಾಯಿತು. ತಿದ್ದುಪಡಿಗಳೊಡನೆ ನಡೆದುಬಂದ ಆ ಕಾಯಿದೆಯ ಪಟ್ಟಿಯಲ್ಲಿ, ಅಂಗವು ಹೋದರೆ ಸಂಪಾದನೆಯ ಶಕ್ತಿಯು ನೂರಕ್ಕೆ ಎಷ್ಟು ಹೋದಂತೆಂಬುದನ್ನು ಬರೆದಿತ್ತು: ಹೆಬ್ಬೆರಳಿಗೆ 30, ತೋರುಬೆರಳಿಗೆ 14, ನಡುಬೆರಳಿಗೆ 12, ಉಂಗುರಬೆರಳಿಗೂ ಕಿರುಬೆರಳಿಗೂ ತಲಾ 7. ಕಾಯಿದೆಗೆ ಅಂಕೆ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಗೆರೆ ಎಳೆಯುವಾಗ ಮೂಲೆಮಟ್ಟವನ್ನು ಒತ್ತಿಹಿಡಿಯುವ ಹೆಬ್ಬೆರಳು ಬಡಗಿಗೆ ನೂರರಲ್ಲಿ ಮೂವತ್ತೇ? ಏಕಲವ್ಯನು ಹೆಬ್ಬೆರಳನ್ನು ಕೊಟ್ಟಮೇಲೆಯೂ ಉಳಿದ ಬೆರಳುಗಳಿಂದ ಬಾಣ ಬಿಟ್ಟನೆಂದೂ ಮೊದಲಿನ ಶೀಘ್ರತೆ ಮಾತ್ರ ಬರಲಿಲ್ಲವೆಂದೂ ಭಾರತವು ಹೇಳುತ್ತದೆ. ಅವನ ನಷ್ಟವನ್ನು ಯಾವ ಪಟ್ಟಿಯಲ್ಲಿ ಎಣಿಸುವುದು? ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯಲ್ಲಿ ಕೈ ಒಬ್ಬನದು, ಬಾಯಿಗಳು ಮನೆಮಂದಿಯವು. ತಾಯಿ, ಹೆಂಡತಿ, ಮಕ್ಕಳು ಯಾವ ಕೈಯನ್ನು ನೋಡಿಕೊಂಡು ಬದುಕುತ್ತಿರುವರೋ ಆ ಕೈಯು ಒಬ್ಬನ ಸ್ವತ್ತಲ್ಲ, ಅವನಲ್ಲಿಟ್ಟ ನ್ಯಾಸ. ನ್ಯಾಸವನ್ನು ಕಾಪಾಡುವುದು ಧರ್ಮವೆಂಬುದರಲ್ಲಿ ವಿವಾದವಿಲ್ಲ.

ಎಲ್ಲವೂ ಹಣೆಯಲ್ಲಿ ಬರೆದಂತೆ ಎಂಬುದು ಮೂರನೆಯದು. ದೈವವನ್ನು ನಂಬುವವನು ದೈವದ ಹೆಸರನ್ನು ಹಗುರವಾಗಿ ಎತ್ತಬಾರದು. ಮರೆಯನ್ನು ತಂತಿಯಿಂದ ಕಟ್ಟಿದುದು ಮನುಷ್ಯನ ಕೈ. ಪುರುಷಪ್ರಯತ್ನದ ಅಂತ್ಯದಲ್ಲಿ ದೈವಕ್ಕೆ ಸ್ಥಾನವುಂಟೇ ಹೊರತು ಅದರ ಆರಂಭದಲ್ಲಿಯೇ ಅಲ್ಲ.

ಹಿರಿಯರ ಮಾತನ್ನು ಮೀರಬಹುದೇ ಎಂಬ ಪ್ರಶ್ನೆಯು ಉಳಿದಿದೆ. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ಓದು ಮುಗಿಸಿ ಹೊರಡುವ ಶಿಷ್ಯನಿಗೆ ಗುರುವು ಮಾಡುವ ಉಪದೇಶವುಂಟು. ಅಲ್ಲಿ ಪ್ರಮಾದವು ಮತ್ತೆಮತ್ತೆ ನಿಷೇಧಿಸಲ್ಪಟ್ಟಿದೆ. ಯಾವ ಯಾವ ವಿಷಯಗಳಲ್ಲಿ ಪ್ರಮಾದ ಕೂಡದೆಂದು ಎಣಿಸಿದೆಯೋ ಅವುಗಳಲ್ಲಿ ಕುಶಲವೂ ಒಂದು. ಮುಂದೆ ಅದೇ ಉಪದೇಶದಲ್ಲಿ, ತಮ್ಮ ನಡತೆಯಲ್ಲಿ ಒಳ್ಳೆಯದನ್ನು ಮಾತ್ರ ಅನುಸರಿಸಬೇಕೆಂದೂ ಉಳಿದುದನ್ನು ಬಿಡಬೇಕೆಂದೂ ಗುರುವೇ ಶಿಷ್ಯನಿಗೆ ಅಪ್ಪಣೆ ಕೊಡುತ್ತಾನೆ. ಗುರುವನ್ನು ಗೌರವಿಸುವುದೂ ಗುರುವಿನ ಒಂದು ಅಭ್ಯಾಸವನ್ನು ಬಿಡುವುದೂ ವಿರುದ್ಧವಲ್ಲವೆಂದಾಯಿತು. ಏಕಲವ್ಯನು ಗುರುವು ಬಾಯಿಬಿಟ್ಟು ಕೇಳಿದುದನ್ನು ತಿಳಿದು ಕೊಟ್ಟನು. ಮೇಸ್ತ್ರಿಯಾದರೋ ಹುಡುಗನ ಬೆರಳನ್ನು ಕೇಳಿಲ್ಲ, ಕೇಳುವ ಮನಸ್ಸೂ ಅವನಿಗಿಲ್ಲ. ಗುರುವು ಕೇಳದ ದಕ್ಷಿಣೆಯನ್ನು ಶಿಷ್ಯನು ಏಕೆ ಕೊಡಬೇಕು?

ಆದರೆ ಸರಿಯಾದುದನ್ನು ಸರಿಯಾದ ರೀತಿಯಲ್ಲಿ ಮಾಡಬೇಕು. ನಾಲ್ವರ ಮುಂದೆ ಹಿರಿಯನನ್ನು ತಿದ್ದಲು ಹೋಗಬೇಡವೆಂದು ಹುಡುಗನಿಗೆ ಹೇಳಿದೆನು. ಮೇಸ್ತ್ರಿಯ ದೂರಿನಲ್ಲಿಯೂ ಸತ್ಯವುಂಟು. ಮರೆಯ ಮೇಲೆ ಹೊಟ್ಟು ಕೂತು ಗೆರೆ ಕಾಣಿಸದಿರಬಹುದು. ಅದಕ್ಕೆ ಪರಿಹಾರವು ಮರೆಯನ್ನು ಒರಸುವುದೇ ಹೊರತು ಕಟ್ಟುವುದಲ್ಲ. ಗೆರೆಗೆ ಅಲಗನ್ನು ಹೊಂದಿಸಬೇಕಾದರೆ ವಿದ್ಯುತ್ತನ್ನು ಕಿತ್ತು, ತೋಳನ್ನು ಇಳಿಸಿ, ಹಲ್ಲು ಗೆರೆಗೆ ತಾಗುವಂತೆ ಮರವನ್ನು ಸರಿಸಿ, ಬಿಗಿದು, ತೋಳನ್ನು ಎತ್ತಿ, ಆಮೇಲೆ ಯಂತ್ರವನ್ನು ನಡೆಸಬಹುದು. ಮರೆಯಿದ್ದರೂ ಗೆರೆ ತಪ್ಪುವುದಿಲ್ಲ. ಹುಡುಗನು ಮೇಸ್ತ್ರಿಯು ಒಬ್ಬನೇ ಇದ್ದಾಗ ಹೀಗೆ ಒಂದು ಚೌಕಟ್ಟನ್ನು ಕೊಯ್ದು ತೋರಿಸಿದನಂತೆ. ಮೇಸ್ತ್ರಿಯು ಮೂಲೆಯನ್ನು ಬೆರಳಿನಿಂದ ಸವರಿ ನೋಡಿ ಏನನ್ನೂ ಹೇಳಲಿಲ್ಲವಂತೆ. ಮಾರನೆಯ ದಿನ ತಂತಿ ಇರಲಿಲ್ಲ.

ಇಷ್ಟಕ್ಕೆ ವಿಚಾರವು ಮುಗಿಯುವುದಿಲ್ಲ. ಆ ತಂತಿಯನ್ನು ಕಟ್ಟಿದುದು ಮೇಸ್ತ್ರಿಯೊಬ್ಬನೇ ಏನು? 1948ರ ಕಾರ್ಖಾನೆಗಳ ಕಾಯಿದೆಯು ಯಂತ್ರದ ಅಪಾಯಕರ ಭಾಗಗಳಿಗೆ ಬೇಲಿಯಿಡುವ ಹೊಣೆಯನ್ನು ಒಡೆಯನ ಮೇಲೆ ಹೊರಿಸಿತ್ತು. ರಕ್ಷಣೆಯ ಸಾಧನವನ್ನು ಬೇಕೆಂದು ಕೆಡಿಸಬಾರದೆಂದು ಕೆಲಸಗಾರನಿಗೂ ವಿಧಿಸಿತ್ತು. ಯಂತ್ರಶಕ್ತಿಯಿದ್ದಲ್ಲಿ ಹತ್ತು ಮಂದಿ ಕೆಲಸಗಾರರಿದ್ದರೆ ಆ ಕಾಯಿದೆಯು ಅನ್ವಯಿಸುತ್ತಿತ್ತು. ಅದರ ಸ್ಥಾನಕ್ಕೆಂದು ಮಾಡಿದ 2020ರ ಸಂಹಿತೆಯು ಕಾರ್ಖಾನೆಯೆನಿಸಲು ಬೇಕಾದ ಆ ಸಂಖ್ಯೆಯನ್ನು 20ಕ್ಕೆ ಏರಿಸಿತು. ಮೂರು ನಾಲ್ಕು ಮಂದಿಯ ಅಂಗಡಿಯು ಎರಡು ಲೆಕ್ಕದಲ್ಲಿಯೂ ಕಾರ್ಖಾನೆಯಲ್ಲ. ಇನ್ನು 1923ರ ಕಾಯಿದೆಯಲ್ಲಿ ಮತ್ತೊಂದು ಮಾತಿತ್ತು: ರಕ್ಷಣೆಗಾಗಿ ಕೊಟ್ಟ ಮರೆಯನ್ನು ಕೆಲಸಗಾರನು ತಿಳಿದೂ ಬೇಕೆಂದು ತೆಗೆದುದರಿಂದಲೇ ಬೆರಳು ಹೋದರೆ, ಒಡೆಯನು ಪರಿಹಾರ ಕೊಡಬೇಕಾದುದಿಲ್ಲ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ದಿನಕ್ಕೆ ಇಷ್ಟು ಚೌಕಟ್ಟು ಆಗಲೇಬೇಕೆಂದು ಒಡೆಯನು ಹೇಳಿ, ಅಷ್ಟಾಗದಿದ್ದರೆ ಕೂಲಿಯನ್ನು ಕಡಿದು, ಮರೆಯಿದ್ದರೆ ಅಷ್ಟಾಗುವುದಿಲ್ಲವೆಂಬುದನ್ನು ಕಂಡೂ ಕಾಣದಂತಿದ್ದರೆ, ‘ಬೇಕೆಂದು’ ತೆಗೆದವನು ಯಾರು? ಕೈಯಿಂದ ಮುಟ್ಟದೆಯೇ ತಂತಿ ಕಟ್ಟುವ ವಿಧಾನವೂ ಉಂಟು.

ಆ ಒಡೆಯನ ಹಿಂದೆ ನಾವಿದ್ದೇವೆ. ಗೃಹಪ್ರವೇಶದ ಮುಹೂರ್ತವನ್ನು ಮೊದಲು ಇಟ್ಟು, ಬಾಗಿಲನ್ನು ಆಮೇಲೆ ಹೇಳಿ, ನಾಡಿದ್ದಿಗೆ ಬೇಕೆಂದು ಪೀಡಿಸುವವರು ನಾವು. ಕೂಲಿಯಲ್ಲಿ ಚೌಕಾಸಿ ಮಾಡಿ, ಮೂಲೆಯಲ್ಲಿ ಸಂದು ಕಂಡರೆ ಕೋಪಿಸಿಕೊಳ್ಳುವವರೂ ನಾವೇ. ಅಲಗು ನಿಲ್ಲುವವರೆಗೆ ಕಾಯುವ ಆ ಕೆಲವು ಸೆಕೆಂಡುಗಳು ಎಲ್ಲಿಂದ ಬರಬೇಕು? ನಾವು ಕೊಟ್ಟ ಅವಧಿಯಿಂದಲೇ ಅವು ಬರಬೇಕು. ನಾವು ಕೊಡದಿದ್ದುದನ್ನು ಅವನು ತನ್ನ ಬೆರಳನ್ನು ಒತ್ತೆಯಿಟ್ಟು ತರುತ್ತಾನೆ.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರವು ಹೀಗೆ ನಿಲ್ಲುತ್ತದೆ. ಕೌಶಲವನ್ನೂ ಕುಶಲವನ್ನೂ ಬೇರ್ಪಡಿಸಿ, ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳುವೆನೆನ್ನುವುದು ಲೆಕ್ಕದ ತಪ್ಪು. ಎರಡೂ ಒಂದೇ ಎಚ್ಚರದ ಫಲಗಳು. ಆ ಎಚ್ಚರವು ಕೆಲಸಗಾರನಿಗೆ ಸ್ವಧರ್ಮ. ಆದರೆ ಎಚ್ಚರಕ್ಕೆ ಕಾಲ ಬೇಕು, ಕಾಲಕ್ಕೆ ಬೆಲೆಯುಂಟು. ಅದನ್ನು ತೆರುವುದು ಒಡೆಯನ ಧರ್ಮ, ಮಾಡಿಸುವವನ ಧರ್ಮ. ಸಂದಿಲ್ಲದೆ ಕೂಡಿದ ಮೂಲೆಯನ್ನು ಮುಟ್ಟಿ ನೋಡಿ ಭೇಷೆನ್ನುವ ಮೊದಲು, ಅದನ್ನು ಕೊಯ್ದವನ ಕೈಯನ್ನೂ ಒಮ್ಮೆ ನೋಡಿ, ಕುಶಲವೇ ಎಂದು ಕೇಳುವುದು ಸಜ್ಜನರಿಗೆ ತಕ್ಕದ್ದು.